ಹಂಸ ಹೊರಗಿಟ್ಟ ಊರು

ಆ ಗುರುವಾರ ಬೆಳಗ್ಗೆ ಹಿನ್ನೀರಿನ ಮೇಲೆ ಮಂಜು ಕೂತು, ನೀರು ಎಲ್ಲಿ ಮುಗಿಯಿತು ನೆಲ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಕಾರ್ತಿಕದ ಕೊನೆ. ಗಾಳಿ ಪೂರಾ ಬಿದ್ದಿತ್ತು. ರಕ್ತ ಕೇಂದ್ರದ ಮುಂದಿನ ಬೇವಿನ ಎಲೆಗಳ ತುದಿಯಲ್ಲಿ ಹನಿಗಳು ನಿಂತಿದ್ದವು, ಬೀಳುತ್ತಿರಲಿಲ್ಲ. ಶರಣವ್ವ ಮಠಪತಿ ಬೀಗ ತೆಗೆಯುವ ಮೊದಲು ದಿನದ ರೂಢಿಯಂತೆ ಹಿನ್ನೀರಿನ ಕಡೆ ತಿರುಗಿ ಕೈಮುಗಿದಳು. ಅವಳ ಊರು, ಹೊಳೆತುಂಬಗಿ, ಆ ನೀರಿನ ಕೆಳಗಿತ್ತು. ಅಣೆಕಟ್ಟು ಎತ್ತರವಾದ ವರ್ಷ ಊರು ಮುಳುಗಿದಾಗ ಅವಳಿನ್ನೂ ತೊಟ್ಟಿಲಲ್ಲಿದ್ದಳು. ದೇವರಿಗೆ ಮುಗಿಯುತ್ತೀಯೋ ಊರಿಗೋ ಎಂದು ಯಾರಾದರೂ ಕೇಳಿದರೆ, "ಎರಡೂ ಒಂದ ದಿಕ್ಕಿನ್ಯಾಗ ಅದಾವಲ್ಲ" ಎನ್ನುತ್ತಿದ್ದಳು.

ಒಳಗೆ ಬಂದು ಯಂತ್ರ ತೆರೆದಳು. ಹಿಂದಿನ ಸಂಜೆ ಅವಳು ಅದರಿಂದಲೇ ಊರವರಿಗೆಲ್ಲ ಕಳಿಸಿದ್ದ ಕಾಗದ ಮರಳಿ ಬಂದಿತ್ತು. ಒಬ್ಬರಿಬ್ಬರಿಂದಲ್ಲ, ಎಲ್ಲರ ಬಾಗಿಲಿಂದಲೂ. ಪ್ರತಿಯೊಂದರ ತಲೆಯ ಮೇಲೂ ಒಂದೇ ಸಾಲು: "ಈ ಗುಂಪಿನ ಕಾಗದಗಳು ಪಡೆಯುವವರಿಗೆ ಬೇಡವಾಗಿವೆ. ಆದ್ದರಿಂದ ಬಾಗಿಲಲ್ಲೇ ತಿರುಗಿಸಲಾಗಿದೆ."

ಶರಣವ್ವ ಆ ಸಾಲನ್ನು ಓದಿ ಕುರ್ಚಿಯ ಮೇಲೆ ಕೂತಳು. ಹೊರಗೆ ಬೇವಿನ ಎಲೆಯ ಹನಿ ಆಗ ಬಿತ್ತು.

ಕಾಗದದಲ್ಲಿದ್ದದ್ದು ಇಷ್ಟು: ನಮ್ಮ ಮುರಗೇಶನ ಮಗಳು ಮಹಾನಂದಾ ತುಂಬಿದ ಬಸುರಿ, ದವಾಖಾನೆಯಲ್ಲಿದ್ದಾಳೆ. ಮಾಸು ಕೆಳಗೆ, ಗರ್ಭದ ಬಾಯಿಗೆ ಅಡ್ಡ ಕೂತಿದೆ. ಸೋಮವಾರ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕು. ರಕ್ತ ಬಹಳ ಹೋಗಬಹುದು. ಅವಳದು ನಮ್ಮೂರ ರಕ್ತ. ಎರಡು ಚೀಲ ಕೈಯಲ್ಲಿ ಇರದೆ ಡಾಕ್ಟರು ಕತ್ತರಿ ಹಿಡಿಯುವುದಿಲ್ಲ.

ನಮ್ಮೂರ ರಕ್ತ ಎಂದರೆ ಬೇರೇನಲ್ಲ. ಮೊದಲು ಮುಂಬಯಿಯಲ್ಲಿ ಗುರುತು ಹಚ್ಚಿದ್ದರಿಂದ ಡಾಕ್ಟರುಗಳು ಮುಂಬಯಿ ರಕ್ತ ಎನ್ನುವ ಆ ಅಪರೂಪದ ಜಾತಿ. ಅದುಳ್ಳವರು ತಮ್ಮಂಥವರಿಂದ ಮಾತ್ರ ರಕ್ತ ಪಡೆಯಬಲ್ಲರು. ಬೇರೆ ಯಾವ ರಕ್ತ ಹಾಕಿದರೂ ಅದು ಅವರ ಮೈಯಲ್ಲಿ ವಿಷ. ಹೊಳೆತುಂಬಗಿಯಲ್ಲಿ ಹೆಣ್ಣು ಕೊಟ್ಟ ಮನೆಯಿಂದಲೇ ಹೆಣ್ಣು ತಂದು, ತಂದ ಮನೆಗೇ ಕೊಟ್ಟು, ಆ ರಕ್ತ ಕೆಲವು ಮನೆತನಗಳಲ್ಲಿ ಬಾವಿಯ ನೀರಿನ ಹಾಗೆ ನಿಂತುಬಿಟ್ಟಿತ್ತು. ಕೃತಕ ರಕ್ತ ಬಂದು ವರ್ಷಗಳಾಗಿದ್ದವು, ಆದರೆ ಇದಕ್ಕೆ ಹೊಂದುವಂಥದ್ದನ್ನು ಯಾರೂ ಮಾಡುತ್ತಿರಲಿಲ್ಲ. ಬೇಡುವವರು ಕಡಿಮೆ, ಮಾಡುವವರಿಗೆ ಗಿಟ್ಟುವುದಿಲ್ಲ. ಮುಂಬಯಿ, ಪುಣೆಯ ಕೇಂದ್ರಗಳನ್ನು ಶರಣವ್ವ ಕೇಳಿಯಾಗಿತ್ತು. ಇದ್ದ ಚೀಲಗಳು ಬೇರೆ ಜೀವಗಳಿಗೆ ಮೀಸಲಾಗಿದ್ದವು. ಇಲ್ಲೇ ಬಾಗಲಕೋಟೆಯಲ್ಲಿ ಆ ರಕ್ತವಿದ್ದ ಇಬ್ಬರಲ್ಲಿ ಒಬ್ಬ ಈಚೆಗಷ್ಟೇ ಕೊಟ್ಟಿದ್ದ, ಇನ್ನೊಬ್ಬಳಿಗೆ ಕೊಡುವ ವಯಸ್ಸು ದಾಟಿತ್ತು. ಉಳಿದವರು ಸೊಲ್ಲಾಪುರ, ಗೋವಾ, ಸೂರತ್ತು, ಎಲ್ಲೆಲ್ಲೋ. ಊರು ಮುಳುಗಿದ ಮೇಲೆ ಅವರನ್ನೆಲ್ಲ ಹಿಡಿದಿಟ್ಟದ್ದು ಒಂದೇ ದಾರ: ಶರಣವ್ವ ನಡೆಸುತ್ತಿದ್ದ 'ಊರ ಅಂಚೆ' ಎಂಬ ಗುಂಪು. ಇಲ್ಲಿಂದ ಒಂದು ಕಾಗದ ಬರೆದರೆ ಊರವರೆಲ್ಲರಿಗೂ ಹೋಗುತ್ತಿತ್ತು. ಅವಳ ಅಪ್ಪ ಗುರುಪಾದಯ್ಯ ಹಳೆಯ ಊರಿನಲ್ಲಿ ಓಣಿ ಓಣಿ ನಡೆದು ಸುದ್ದಿ ಮುಟ್ಟಿಸುತ್ತಿದ್ದವನು. ಮಗಳು ಕೂತಲ್ಲಿಂದಲೇ ಅದೇ ಸೇವೆ ಮಾಡುತ್ತಿದ್ದಳು.

ಈಗ ಹಂಸದ ಸಂಗತಿ ಹೇಳಬೇಕು.

ಸುಳ್ಳು ದನಿಗಳ ಕಾಲವೊಂದು ಬಂದು ಹೋಗಿತ್ತು. ಯಂತ್ರಗಳು ಮಗನ ದನಿಯಲ್ಲಿ ಅತ್ತು ತಾಯಿಯನ್ನು ಕರೆದವು, ಸತ್ತ ಗಂಡನ ದನಿಯಲ್ಲಿ ಹೆಂಡತಿಯ ಬಾಗಿಲು ತೆಗೆಸಿದವು. "ರಕ್ತ ಬೇಕು, ಜೀವ ಹೋಗುತ್ತದೆ" ಎಂಬುದೇ ಆ ಕಳ್ಳರ ಮೆಚ್ಚಿನ ಮಾತಾಗಿತ್ತು. ಜನ ಬೇಸತ್ತು, ತಾವು ಗುರುತು ಹಾಕಿಕೊಂಡ ನಾಲ್ಕಾರು ಮಂದಿಯದನ್ನು ಬಿಟ್ಟು ಬೇರೆಯವರ ಕರೆಗೆ ಫೋನು ಸದ್ದೇ ಮಾಡದಂತೆ ಮಾಡಿಸಿಕೊಂಡರು. ಉಳಿದದ್ದೆಲ್ಲ ಕಾಗದದ ಮೂಲಕವೇ ಬರಬೇಕು. ಕಾಗದಕ್ಕೆ ಕಾವಲು ಇಟ್ಟರು. ಈ ಸೀಮೆಯ ಅಂಚೆ ಬಹುಪಾಲು ಹಾದುಹೋಗುತ್ತಿದ್ದ ಆ ಕಾವಲು ಯಂತ್ರದ ಹೆಸರೇ ಹಂಸ. ಹಾಲನ್ನೂ ನೀರನ್ನೂ ಬೇರೆ ಮಾಡುವ ಹಕ್ಕಿಯಲ್ಲವೇ. ಅದು ಕಾಗದದೊಳಗಿನ ಮಾತು ಓದುತ್ತಿರಲಿಲ್ಲ. ಕಳಿಸಿದವರ ಮುದ್ರೆ ಸರಿಯಿದೆಯೇ ನೋಡುತ್ತಿತ್ತು, ಮತ್ತು ಪಡೆದವರು ಏನು ಮಾಡಿದರು ಎಂದು ನೋಡುತ್ತಿತ್ತು. ಓದಿ ಇಟ್ಟುಕೊಂಡರೆ ಕಳಿಸಿದವರ ತೂಕ ಏರುತ್ತಿತ್ತು. 'ಹೊರಗೆ ಹಾಕು' ಎಂಬ ಗುಂಡಿ ಒತ್ತಿದರೆ ಇಳಿಯುತ್ತಿತ್ತು. ತೂಕ ಒಂದು ಗೆರೆಗಿಂತ ಕೆಳಗೆ ಹೋಯಿತೋ, ಆಮೇಲೆ ಬಂದ ಕಾಗದ ಬಾಗಿಲಿಂದಲೇ ವಾಪಸು. ಒಳಗಿನವರಿಗೆ ಯಾರೋ ಬಂದಿದ್ದರೆಂಬುದೂ ತಿಳಿಯದು. ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಕ್ಕೆ ಈ ಭಯ ಕಡಿಮೆ. ಗುಂಪಿನ ಕಾಗದದ ಪಾಡು ಬೇರೆ: ಒಬ್ಬರು ಬರೆದದ್ದು ನೂರಾರು ಮನೆಗೆ ಹೋಗುತ್ತದೆ, ನೂರಾರು ಮನೆಯ ಬೇಸರವೂ ಒಂದೇ ತಲೆಯ ಮೇಲೆ ಬೀಳುತ್ತದೆ.

ಗುಂಪಿನ ಕೀಲಿಯಷ್ಟೇ ಶರಣವ್ವನ ಕೈಯಲ್ಲಿತ್ತು. ಖಾಸಗಿತನದ ಕಾಯ್ದೆಯಂತೆ ಊರವರ ವಿಳಾಸಗಳು ಯಂತ್ರಕ್ಕೆ ಗೊತ್ತು, ಅವಳಿಗಲ್ಲ.

*

ದವಾಖಾನೆಯಲ್ಲಿ ಮಹಾನಂದಾಳನ್ನು ನೋಡಿಕೊಂಡು ಶರಣವ್ವ ದೊಡ್ಡವ್ವನ ಮನೆಗೆ ಹೋದಳು. ದೊಡ್ಡವ್ವ ಎಂದರೆ ಕಲ್ಲವ್ವ, ಮುರಗೇಶನ ತಾಯಿ. ಮುರಗೇಶ ಹೋದ ವರ್ಷ ದೀಪಾವಳಿಯ ಮುಂದೆ ಎದೆನೋವಿನಿಂದ ತೀರಿಕೊಂಡಿದ್ದ. ಕಲ್ಲವ್ವ ಒಲೆಯ ಮುಂದೆ ಕೂತು ಬಾಣಂತಿಗೆ ಬೇಕಾದ ಅಂಟಿನ ಉಂಡಿಗೆ ಅಂಟು ಹುರಿಯುತ್ತಿದ್ದಳು. ತುಪ್ಪದಲ್ಲಿ ಅಂಟು ಅರಳಿ ಚಟಪಟ ಅನ್ನುತ್ತಿತ್ತು.

"ಇನ್ನೂ ಹೆರಿಗಿ ಆಗಿಲ್ಲ, ಈಗ್ಲೇ ಉಂಡಿ?" ಎಂದಳು ಶರಣವ್ವ, ಹೇಗೆ ಮಾತು ತೆಗೆಯಬೇಕೆಂದು ತಿಳಿಯದೆ.

"ಉಂಡಿ ಕಟ್ಟಿಟ್ರ ದೇವ್ರಿಗೂ ಸಂಕೋಚ ಆಗ್ತೈತಿ. ತಿನ್ನಾಕಿನ ಕಳಿಸ್ಲೇಬೇಕಲ್ಲ." ಕಲ್ಲವ್ವ ಸೌಟು ನಿಲ್ಲಿಸಿ ಅವಳ ಮುಖ ನೋಡಿದಳು. "ಯಾರ್ ಬರ್ತೇನಂದ್ರು?"

ಶರಣವ್ವ ನಡೆದದ್ದನ್ನು ಹೇಳಿದಳು. ಕಲ್ಲವ್ವ ಬಾಣಲೆಯನ್ನು ಕೆಳಗಿಳಿಸಿದಳು.

"ಬ್ಯಾಡ ಅಂದಾರ? ನಮ್ಮೂರ ಮಂದಿ?"

"ಹಂಸ ಹಾಂಗ ಬರದೈತಿ ದೊಡ್ಡವ್ವ."

"ಹಂಸ ಅಂತ ಹಂಸ. ಕೊಕ್ಕರಿ ಅದು, ಮೀನ ಕಾಯಾಕ ಕುಂತಿದ್ದು." ಸೆರಗಿನಿಂದ ಕೈ ಒರೆಸಿಕೊಂಡಳು. "ಆದ್ರ ಅದರ ತಪ್ಪ ಏನೈತಿ ಬಿಡು. ಪುಣೆಕ ಹೋಗಿ ರೊಟ್ಟಿ ಬಿಟ್ಟಾರು. ಸೂರತ್ತಿಗಿ ಹೋಗಿ ಭಾಷಾ ಬಿಟ್ಟಾರು. ಊರ ಬಿಡೂದು ಏನ್ ದೊಡ್ಡ ಮಾತು? ನೀರಿನ್ಯಾಗ ಮುಳುಗಿದ್ದಕ್ಕ ನಾ ಅತ್ತಿರಲಿಲ್ಲವಾ. ಮಂದಿ ಅದಾರಲ್ಲ ಅಂತಿದ್ನಿ."

ಅವಳು ಮತ್ತೆ ಬಾಣಲೆ ಎತ್ತಲಿಲ್ಲ. ಅಂಟು ತಣ್ಣಗಾಗಿ ತುಪ್ಪ ಹೆಪ್ಪುಗಟ್ಟುತ್ತಿದ್ದುದನ್ನು ನೋಡಿ ಶರಣವ್ವ ಎದ್ದಳು. ಹಂಸದ ಕಾವಲು ಕೋಣೆ ಹುಬ್ಬಳ್ಳಿಯಲ್ಲಿತ್ತು. ತಿರುಗಿಸಿದ ಪ್ರತಿ ಕಾಗದದ ಕೆಳಗೂ, ಒಪ್ಪದವರು ಖುದ್ದಾಗಿ ಬಂದು ಕೇಳಬಹುದು ಎಂದು ಸಣ್ಣಕ್ಷರದಲ್ಲಿ ಇರುತ್ತಿತ್ತು. ಯಾರೂ ಹೋಗುತ್ತಿರಲಿಲ್ಲ. ಶರಣವ್ವ ಶುಕ್ರವಾರ ಬೆಳಗಿನ ರೈಲು ಹತ್ತಿದಳು.

*

ಕಾವಲು ಕೋಣೆ ಅವಳೆಣಿಸಿದಷ್ಟು ದೊಡ್ಡದಿರಲಿಲ್ಲ. ತಂಪು ಬಹಳ. ಒಂದು ಗೋಡೆಯ ತುಂಬ ಸಣ್ಣ ಬೆಳಕುಗಳು ಹೊತ್ತಿ ಆರುತ್ತಿದ್ದವು. ಒಂದೊಂದು ಬೆಳಕೂ ಯಾರದೋ ಬಾಗಿಲಿಗೆ ಬಂದ ಕಾಗದ. ಮೇಜಿನ ಹಿಂದೆ ಮೂವತ್ತರ ಹೆಣ್ಣುಮಗಳೊಬ್ಬಳು ಮಂಡಕ್ಕಿಯ ಗಿರಮಿಟ್ ತಿನ್ನುತ್ತ ಕೂತಿದ್ದಳು. ಶರಣವ್ವನನ್ನು ಕಂಡು ಪೊಟ್ಟಣ ಮುಚ್ಚಿಟ್ಟು ಎದ್ದು ನಿಂತಳು. ಹೆಸರು ರೇಷ್ಮಾ ನದಾಫ.

"ಖುದ್ದಾಗಿ ಬಂದೀರಿ? ನಾ ಇಲ್ಲಿ ಸೇರಿದಾಗಿಂದ ನೀವ ಮೊದಲನೇವ್ರ ನೋಡ್ರಿ. ಕುಂದರ್ರಿ. ಮಂಡಕ್ಕಿ ತಿಂತೀರಿ?"

ಶರಣವ್ವ ಬೇಡವೆನ್ನದೆ ಒಂದು ಹಿಡಿ ತೆಗೆದುಕೊಂಡಳು. ತಿನ್ನುತ್ತಲೇ ಎಲ್ಲ ಹೇಳಿದಳು. ಸೋಮವಾರ ಎಂಬ ಮಾತು ಬಂದಾಗ ರೇಷ್ಮಾಳ ಕೈ ಪೊಟ್ಟಣ ಬಿಟ್ಟು ಕೀಲಿಮಣೆಗೆ ಹೋಯಿತು.

"ಗುಂಪಿನ ಕಾಗದ ತಿರುಗಾಕ ಕಾರಣ ಹಲವು ಇರ್ತಾವ್ರಿ ಅಕ್ಕಾರ. ಒಬ್ರು ಬರದದ್ದನ್ನ ಗುಂಪು ಮುಂದ ಕಳಸೂವಾಗ ಒಂದ್ ಸಾಲು ಹೆಚ್ಚಿಗಿ ಸೇರಿಸ್ತೈತಿ. ಕ್ಷೇಮ ಅಂತ ಬರಿಯೂದಿದ್ರೂ ಮುದ್ರಿ ಒಡೀತೈತಿ. ಆಗ ಹಂಸ, ಬರದವ ಒಬ್ಬ, ತಂದವ ಒಬ್ಬ, ಇದು ಕಳ್ಳ ಮಾಲು ಅಂತೈತಿ." ಅವಳು ಪರದೆ ನೋಡಿದಳು. "ನಿಮ್ಮ ಮುದ್ರಿ ಸರಿ ಐತ್ರಿ. ಇನ್ನ, ಮಂದಿ ಬಿಟ್ಟ ಹೋದ ಹಾಳ ವಿಳಾಸ ಬಾಳ ಇದ್ರ ಸಂಶಯ ಬರ್ತೈತಿ. ಅದೂ ಇಲ್ಲ. ಪಟ್ಟಿ ಚೊಕ್ಕ ಐತಿ."

"ಮತ್ತ?"

"ಮತ್ತ ಉಳದದ್ದು ಒಂದ. ಓದಿದವ್ರು." ರೇಷ್ಮಾ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಗೆರೆಯೊಂದು ಮೆಟ್ಟಿಲಿಳಿದಂತೆ ಇಳಿದಿಳಿದು ಬಂದಿತ್ತು. "ಹೊರಗ ಹಾಕ್ಯಾರ್ರೀ. ತಪ್ಪಿ ಒಬ್ರಿಬ್ರಲ್ಲ."

ಶರಣವ್ವನ ಬಾಯಲ್ಲಿದ್ದ ಮಂಡಕ್ಕಿ ಹಾಗೇ ಉಳಿಯಿತು. ದೊಡ್ಡವ್ವನ ಮಾತೇ ನಿಜವಾಯಿತಲ್ಲ.

ಆದರೆ ರೇಷ್ಮಾ ಹುಬ್ಬು ಗಂಟಿಕ್ಕಿ ಪರದೆಗೆ ಇನ್ನಷ್ಟು ಹತ್ತಿರ ಬಾಗಿದ್ದಳು. "ತಡೀರಿ. ಇಲ್ಲೊಂದು ಸೋಜಿಗ ಐತಿ. ಬ್ಯಾಡಾದ ಕಾಗದಾನ ಮಂದಿ ಓದೂದಿಲ್ರಿ. ತಲಿ ನೋಡಿ ಒಗದ ಬಿಡ್ತಾರ. ನಿಮ್ಮವ್ರು ಕಡೀತನಕ ಓದ್ಯಾರ. ಕೆಲವ್ರು ಎರಡ ಸಲ ಓದ್ಯಾರ. ಆಮ್ಯಾಲ ಹೊರಗ ಹಾಕ್ಯಾರ. ಎರಡ ಸಲ ಓದಿ ಯಾರರ ಬ್ಯಾಡ ಅಂತಾರೇನ್ರಿ?"

"ಎಲ್ಲಾ ಕಾಗದಕ್ಕೂ ಹಾಂಗ ಮಾಡ್ಯಾರೇನವಾ?"

"ಇಲ್ಲಲ್ಲ. ಮದವಿ ಕಾಗದ ಇರಬೇಕು ಇವು, ಬ್ಯಾಸಗ್ಯಾಗಿನ್ವು. ಒಬ್ರೂ ಹೊರಗ ಹಾಕಿಲ್ಲ. ಶ್ರಾವಣದಾಗ ಒಂದು ಕಾಗದ, ಅದಕ್ಕ ಬಾಳ ಮಂದಿ. ಸಂಕ್ರಾಂತಿ ಆದ ಮ್ಯಾಲ ಒಂದು. ಎಲ್ಲಾಕ್ಕಿಂತ ಹೆಚ್ಚು ಅಂದ್ರ ಇದು, ಹೋದ ವರ್ಷ ದೀಪಾವಳಿ ಮುಂದಿಂದು. ಹೆಚ್ಚೂ ಕಡಿಮಿ ಇಡೀ ಊರ ಹೊರಗ ಹಾಕೈತಿ."

ದೀಪಾವಳಿಯ ಮುಂದೆ. ಶರಣವ್ವ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿಗೆ ಅಪ್ಪ ಕಂಡ. ಚಿಕ್ಕವಳಿದ್ದಾಗ ನವನಗರದ ಹೊಸ ಮನೆಗಳ ಮುಂದೆ ಅವನ ಬೆರಳು ಹಿಡಿದು ನಡೆದದ್ದು ಕಂಡಿತು. ಮದುವೆಯ ಸುದ್ದಿಯಾದರೆ ಅಪ್ಪ ಒಳಗೆ ಹೋಗಿ ಬೆಲ್ಲ ತಿಂದು ಬರುತ್ತಿದ್ದ. ಕೆಲವು ದಿನ ಮಾತ್ರ ಹೊಸ್ತಿಲಾಚೆಯೇ ನಿಂತು ಕಾಗದ ನೀಡುತ್ತಿದ್ದ. ಮನೆಯವರು ಹೊರಗೇ ಬಂದು, ನಿಂತಲ್ಲೇ ಓದಿ, ಅತ್ತು, ಅಲ್ಲೇ ಹರಿದು ಚೂರು ಮಾಡಿ, ಕೈಕಾಲು ತೊಳೆದುಕೊಂಡು ಒಳಗೆ ಹೋಗುತ್ತಿದ್ದರು.

"ಅವೆಲ್ಲಾ ಸಾವಿನ ಕಾಗದ," ಎಂದಳು ಶರಣವ್ವ. "ಸಾವಿನ ಕಾಗದ ಮನ್ಯಾಗ ಇಡಬಾರದವಾ."

ರೇಷ್ಮಾ ಕೀಲಿಮಣೆಯಿಂದ ಕೈ ತೆಗೆದಳು. "ಬುಟ್ಟಿಗಿ ಹಾಕಬಹುದಿತ್ತಲ್ರಿ? ಬುಟ್ಟಿಗಿ ಹಾಕಿದ್ರ ಹಂಸ ಏನೂ ಅಂತಿದ್ದಿಲ್ಲ."

"ಬುಟ್ಟಿ ಮನ್ಯಾಗ ಇರ್ತೈತಲ್ಲ."

ರೇಷ್ಮಾ ಗೋಡೆಯ ಕಡೆ ನೋಡಿದಳು. ಬೆಳಕುಗಳು ತಮ್ಮ ಪಾಡಿಗೆ ಹೊತ್ತಿ ಆರಿದವು.

"ನಮ್ಮ ಅಜ್ಜಿನೂ ಹರೀತಿದ್ಲು," ಎಂದಳು ರೇಷ್ಮಾ ಮೆಲ್ಲಗೆ. "ನವಲಗುಂದದಾಗ. ಹರದು, ಕಟ್ಟಿ ಇಳದು, ಗಟಾರದಾಚೆ ಒಗದು ಬರ್ತಿದ್ಲು. ಈ ಗುಂಡಿಗೆ ಹೆಸರ ಇಡೂವಾಗ ನಾವ್ಯಾರೂ ಅದನ್ನ ನೆನಸಲಿಲ್ಲ." ಅವಳು ಆ ದೊಡ್ಡ ಮೆಟ್ಟಿಲನ್ನು ಮತ್ತೆ ನೋಡಿದಳು. "ಅಂದ್ರ ಯಾರ ಸಲುವಾಗಿ ಮಂದಿ ಹೆಚ್ಚ ಅತ್ತಾರೋ ಅವ್ರ ಕಾಗದಕ್ಕ ತೂಕ ಹೆಚ್ಚ ಇಳದೈತಿ."

"ಮುರಗೇಶ," ಎಂದಳು ಶರಣವ್ವ. "ಈ ಹುಡುಗಿ ಅಪ್ಪ."

ರೇಷ್ಮಾ ತಲೆ ತಗ್ಗಿಸಿದಳು. ಆದರೆ ಬಾಗಿಲು ತೆಗೆಯುವುದು ಅವಳ ಕೈಯಲ್ಲಿರಲಿಲ್ಲ. ಹಿಂದೊಮ್ಮೆ ಕಾವಲುಗಾರರೇ ಆಮಿಷಕ್ಕೆ ಬಿದ್ದು ಕಳ್ಳರನ್ನು ಒಳಗೆ ಬಿಟ್ಟಿದ್ದರಿಂದ, ಹಂಸದ ತೂಕವನ್ನು ಯಾವ ಮನುಷ್ಯನೂ ಮುಟ್ಟದಂತೆ ಕಾಯ್ದೆಯಾಗಿತ್ತು. ಇದ್ದದ್ದು ಒಂದೇ ದಾರಿ. ಹೊರಗೆ ಹಾಕಿದವರೇ, ತಾವು ಹಾಕಿದ ಆ ಕಾಗದವನ್ನು ಹುಡುಕಿ, 'ಮರಳಿ ಕರೆ' ಎಂಬುದನ್ನು ಒತ್ತಬೇಕು. ತಿರಸ್ಕಾರವನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬೇಕು.

"ಸಾಕಷ್ಟು ಮಂದಿ ಕರದ್ರ ಗೆರಿ ದಾಟ್ತೀರಿ. ಆದ್ರ ಅವ್ರಿಗೆ ಹೇಳೂದ ಹ್ಯಾಂಗ, ನಿಮ್ಮ ಕಾಗದ ಹೋಗೂದೇ ಇಲ್ಲಲ್ರಿ."

ಶರಣವ್ವ ಎದ್ದಳು. ಬಾಗಿಲ ತನಕ ಹೋಗಿ ತಿರುಗಿದಳು. "ಹರಿಯೂ ಗುಂಡಿ ಒಂದು ಮಾಡವಾ. ಹೊರಗ ಹಾಕೂದಲ್ಲ, ಬುಟ್ಟಿನೂ ಅಲ್ಲ. ಬರೇ ಹರಿಯೂದು. ಯಾರಿಗೂ ಚಾಡಿ ಹೇಳಬಾರದು ಅದು."

"ಕೇಳಿ ನೋಡ್ತೇನ್ರಿ," ಎಂದಳು ರೇಷ್ಮಾ. ಉಳಿದ ಮಂಡಕ್ಕಿಯನ್ನು ಕಟ್ಟಿ ಅವಳ ಚೀಲಕ್ಕೆ ಹಾಕಿದಳು.

*

"ನಾನೂ ಹೊರಗ ಹಾಕೇನಿ," ಎಂದಳು ಕಲ್ಲವ್ವ, ಅದೇ ಇಳಿಹೊತ್ತು ಶರಣವ್ವ ಮರಳಿ ಬಂದು ಹೇಳಿದ್ದನ್ನೆಲ್ಲ ಕೇಳಿದ ಮೇಲೆ. "ಮಗಂದು. ನೀ ಬರದದ್ದು ನನಗೂ ಬಂತಲ್ಲ. ಓದಿಸಿಕೊಂಡ ಹಾಕಿದ್ನಿ. ಎಲ್ಲಾರೂ ಹಾಕಿರ್ತಾರ. ಹಾಕದ ಇಟಗೊಂಡ ಕುಂದರ್ತಾರೇನು?" ಅವಳ ಮುಖದಲ್ಲಿ ಒಂದು ಬೆಳಕು ಬಂದು ಹೋಯಿತು. "ಅಂದ್ರ ಬ್ಯಾಡ ಅಂದಿಲ್ಲ ಅವ್ರು."

"ಇಲ್ಲ ದೊಡ್ಡವ್ವ. ಆದ್ರ ಈಗ ಎಲ್ಲಾರೂ ಮರಳಿ ಕರೀಬೇಕು. ಮೊದಲ ನೀ ಕರದ್ರ, ಉಳದವ್ರಿಗೆ ಹೇಳಾಕ ನನಗ ಬಾಯಿ ಬರ್ತೈತಿ."

ಕಲ್ಲವ್ವನ ಮುಖ ಗಟ್ಟಿಯಾಯಿತು. "ಬಸುರಿ ಇರೂ ಮನ್ಯಾಗ? ಹೆರಿಗಿ ಮುಂದ ಇಟಗೊಂಡು? ಅಪ್ಪನ ಸಾವಿನ ಕಾಗದಾನ ಒಳಗ ತಾ ಅಂತಿಯೇನು? ನಿನಗ ಬುದ್ಧಿ ಐತೋ ಇಲ್ಲೋ?"

ಶರಣವ್ವ ವಾದ ಮಾಡಲಿಲ್ಲ. ಆ ರೂಢಿಯಲ್ಲಿ ತಪ್ಪು ಕಾಣುವಷ್ಟು ಅವಳು ಅದರಿಂದ ದೂರ ಹೋದವಳಲ್ಲ. ಕಲ್ಲವ್ವ ಎದ್ದು ಸ್ನಾನ ಮಾಡಿ ದೇವರ ಜಗಲಿಯ ಮುಂದೆ ಕೂತಳು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೂತವಳು ಬಿಸಿಲು ಕಿಟಕಿಯಿಂದ ಇಳಿದು ಗೋಡೆ ಹತ್ತುವ ತನಕ ಅಲ್ಲಾಡಲಿಲ್ಲ. ಶರಣವ್ವ ಹೊರಗಿನ ಕಟ್ಟೆಯ ಮೇಲೆ ಕಾದಳು. ಕೊನೆಗೆ ಒಳಗಿಂದ ಮಾತು ಕೇಳಿಸಿತು. ತನಗೋ, ಲಿಂಗಕ್ಕೋ, ಮಗನಿಗೋ ಹೇಳಿದಂತಿತ್ತು.

"ಸೂತಕ ಇಲ್ಲ ಅಂತ ಶರಣರು ಹೇಳಿ ಹೋಗಿ ಎಷ್ಟ ಕಾಲಾತು. ನಾವು ಬಾಯಿಲೆ ಹೇಳಿದ್ವಿ, ಕೈಲೆ ಹರದ್ವಿ." ಆಮೇಲೆ, "ಶರಣವ್ವಾ, ಬಾ ಇಲ್ಲೆ. ಫೋನ ತಾ. ನನ್ನ ಹುಡುಗ ಬಾಗ್ಲಾಗ ನಿಂತ ವರ್ಷಾತು. ಅವನ ಮಗಳ ಸಲುವಾಗಿ ಒಳಗ ಕರೀತೇನಿ."

ಪರದೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದಳು. "ಕೆಡ್ತೈತಿ ದೊಡ್ಡವ್ವ" ಎಂದರೆ, "ಕೆಡಲಿ. ನನ್ನ ಹಣಿ ಕೆಟ್ಟೈತೇನು?" ಎಂದಳು. 'ಮರಳಿ ಕರೆ' ಒತ್ತಿದಳು. ಕಾಗದ ತೆರೆಯಿತು. ಮುರಗೇಶನ ಹೆಸರು ಮೇಲೆಯೇ ಇತ್ತು. ಅವಳು ಅದನ್ನು ಈ ಸಲ ಓದಿಸಿಕೊಳ್ಳಲಿಲ್ಲ. ಹೆಸರಿನ ಮೇಲೆ ಬೆರಳಿಟ್ಟು, ತಲೆ ಸವರಿದಂತೆ ಒಮ್ಮೆ ಸವರಿದಳು.

ಆಮೇಲೆ ಕಣ್ಣೊರೆಸಿಕೊಂಡು, ಸೆರಗು ಬಿಗಿದು, "ಈಗ ಮ್ಯಾಗಿನ ಓಣಿ ಹಿಡಿ" ಎಂದಳು.

ಹೊಳೆತುಂಬಗಿಯಲ್ಲಿ ಸಾವಾದಾಗ ಗುರುಪಾದಯ್ಯ ಎಲ್ಲ ಮನೆಗೂ ಹೋಗುವಂತಿರಲಿಲ್ಲ, ಹೊತ್ತು ಸಾಲುತ್ತಿರಲಿಲ್ಲ. ಓಣಿಯ ಮೊದಲ ಮನೆಗೆ ಹೇಳಿದರೆ ಅವರು ಮಗ್ಗುಲ ಮನೆಗೆ, ಅವರು ಅವರ ಮಗ್ಗುಲಿಗೆ. ಮಗ್ಗುಲ ಮನೆ ಈಗ ಗೋವಾದಲ್ಲಿದ್ದರೇನು, ಸೂರತ್ತಿನಲ್ಲಿದ್ದರೇನು, ಮಗ್ಗುಲವರು ಮಗ್ಗುಲವರನ್ನು ಬಿಟ್ಟಿರಲಿಲ್ಲ. ಅವರ ಫೋನುಗಳು ಒಬ್ಬರಿಗೊಬ್ಬರು ಇನ್ನೂ ಸದ್ದು ಮಾಡುತ್ತಿದ್ದವು. ಕಲ್ಲವ್ವ ಮೇಗಿನ ಓಣಿಯಲ್ಲಿ ಹಿತ್ತಲಿಗೆ ಹಿತ್ತಲು ಹೊಂದಿದ್ದ, ಈಗ ಗೋವಾದಲ್ಲಿದ್ದ ತಂಗೆವ್ವನಿಗೆ ಮೊದಲು ಕರೆ ಮಾಡಿದಳು.

"ನಾ ಕಲ್ಲವ್ವ."

"ಖರೇನ ಕಲ್ಲವ್ವನೋ, ಕಲ್ಲವ್ವನ ದನಿಯೋ?" ಎಂದಳು ತಂಗೆವ್ವ. ಕಾಲ ಅಂಥದು.

"ನಿಮ್ಮ ಹಿತ್ತಲ ಗ್ವಾಡಿ ಮ್ಯಾಲ ನಮ್ಮ ಬೆಕ್ಕ ಮಲಗತಿತ್ತು. ನೀ ಅದಕ್ಕ ಕದ್ದ ಹಾಲ ಹಾಕಿ ನಿಮ್ಮ ಅತ್ತಿ ಕಡಿಂದ ಬೈಸ್ಕೊಂಡಿ. ಸಾಕೋ, ಇನ್ನ ಹೇಳ್ಲೋ?"

"ಸಾಕ ಸಾಕ. ಏನ್ ಹೇಳು."

ಹೇಳಿದಳು. ಆಮೇಲೆ ತಂಗೆವ್ವ, "ನಿನ್ನ ಮಗನ ಕಾಗದ ನೀನ ಒಳಗ ಕರದಿದ್ರ ನಂದೇನೈತಿ" ಎಂದಳು. "ಮಗ್ಗಲಕ ಹೇಳ್ತೇನಿ."

ಹೀಗೆ ನೀರಿನ ಕೆಳಗಿನ ಊರಿನಲ್ಲಿ ಸುದ್ದಿ ನಡೆಯಿತು. ಮೇಗಿನ ಓಣಿ ಮುಗಿದು ಬಾವಿಯ ಓಣಿಗೆ, ಅಲ್ಲಿಂದ ಊರಬಾಗಿಲ ಅಗಸಿಗೆ. ಗೋಡೆ ಗೋಡೆಗೂ ಒಂದು ಗುರುತಿನ ಮಾತು: ಯಾರ ಎಮ್ಮೆ ಯಾರ ಬಣವೆಗೆ ನುಗ್ಗಿತ್ತು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಉಣ್ಣದೆ ಹೋದರು. ಯಾವ ಯಂತ್ರಕ್ಕೂ ಗೊತ್ತಿರದ ಮುದ್ರೆಗಳು ಅವು. ರಕ್ತ ಬೇಕೆಂಬ ಮಾತೂ ಜೊತೆಗೇ ಹೋಯಿತು, ಆದರೆ ಓಣಿ ತಪ್ಪಿದ ಮನೆಗಳಿಗೆಲ್ಲ ಮುಟ್ಟಬೇಕಾದರೆ ಕಾಗದವೇ ಬೇಕಿತ್ತು. ಶನಿವಾರ ಇಡೀ ದಿನ ಕಲ್ಲವ್ವ ಓಣಿಗಳನ್ನು ನೆನೆನೆನೆದು ಹೇಳಿದಳು, ಯಾರಿಗೆ ಮುಟ್ಟಿತು ಯಾರಿಗಿಲ್ಲ ಎಂದು ಶರಣವ್ವ ಕೇಳಿ ತಿಳಿದುಕೊಂಡಳು.

ಕೆಳಗಿನ ಓಣಿಯಲ್ಲಿ ಮಾತ್ರ ಸುದ್ದಿ ನಿಂತಿತು. "ಗೊಳಸಂಗಿಯವ್ರ ಮನಿಗೆ ಯಾರ ಹೇಳೂದು?" ಎಂದಳು ಶರಣವ್ವ. "ಅವ್ರಿಗೆ ಮಗ್ಗಲ ಇದ್ದವ್ರು ನೀವ ಅಲ್ಲ?"

ಕಲ್ಲವ್ವ ಬೇರೆ ಕಡೆ ನೋಡಿದಳು. ಊರು ಮುಳುಗಿ ನವನಗರದಲ್ಲಿ ಜಾಗ ಹಂಚಿದಾಗ, ಒಂದೇ ಮೂಲೆಯ ಜಾಗವನ್ನು ಎರಡೂ ಮನೆಗೆ ಬರೆದಿದ್ದರು. ಅಂದಿನಿಂದ ಮಾತಿಲ್ಲ. ಮುಂದೊಂದು ದಿನ ಆ ಮನೆಯ ಹುಡುಗ ಶಿವಪುತ್ರ ಲಾರಿಯ ಕೆಳಗೆ ಬಿದ್ದಾಗ, ಮುರಗೇಶ ಮನೆಯಲ್ಲಿ ಹೇಳದೆ ಹೋಗಿ ರಕ್ತ ಕೊಟ್ಟು ಬಂದ. ಹುಡುಗ ಉಳಿದ. ಆ ಮನೆಯಿಂದ ಒಂದು ಮಾತು ಬರಲಿಲ್ಲ. ಅವನ ಅಪ್ಪ ಬಿಡಲಿಲ್ಲವಂತೆ. ಕಲ್ಲವ್ವ ಅದನ್ನು ಮರೆತಿರಲಿಲ್ಲ.

"ಅವ್ರ ನಂಬರ ನನ್ನ ಕಡೆ ಇಲ್ಲ," ಎಂದಳು. "ಇದ್ರೂ ನಾ ಮಾಡ್ತಿದ್ದಿಲ್ಲ. ಸುಳ್ಳ ಯಾಕ ಹೇಳ್ಲಿ."

*

ಹುಬ್ಬಳ್ಳಿಯಲ್ಲಿ ರೇಷ್ಮಾಗೆ ಶನಿವಾರ, ಭಾನುವಾರ ರಜೆಯಿತ್ತು. ಆದರೂ ಬಂದು ಕೂತಿದ್ದಳು. ಅವಳು ಏನನ್ನೂ ಮುಟ್ಟುವಂತಿರಲಿಲ್ಲ, ನೋಡಬಹುದಿತ್ತು. ಶುಕ್ರವಾರ ಸಂಜೆ ಆ ದೊಡ್ಡ ಮೆಟ್ಟಿಲಿನ ಕೆಳಗೆ ಒಂದು ಬೆಳಕು ಹೊತ್ತಿತು. ಒಬ್ಬರು ಮರಳಿ ಕರೆದಿದ್ದರು. ಬಹಳ ಹೊತ್ತು ಅದೊಂದೇ. ಆಮೇಲೆ ಗೋವಾದಿಂದ ಒಂದು, ಮತ್ತೊಂದು. ಶನಿವಾರ ಅವು ಓಣಿಯಲ್ಲಿ ಮುಸ್ಸಂಜೆಗೆ ದೀಪ ಹಚ್ಚಿದಂತೆ ಸಾಲಾಗಿ ಬರತೊಡಗಿದವು. ಒಂದು ಹೊತ್ತಿದ ಮೇಲೆ ಅದರ ಮಗ್ಗುಲಿನದು. ಕಾರ್ತಿಕವಲ್ಲವೇ ಎಂದುಕೊಂಡಳು. ಹಂಸಕ್ಕೆ ಅಳುವೂ ಗೊತ್ತಿರಲಿಲ್ಲ, ನಗುವೂ ಗೊತ್ತಿರಲಿಲ್ಲ. ತೂಗುವುದು ಗೊತ್ತಿತ್ತು, ತೂಗಿತು.

ಭಾನುವಾರ ಬೆಳಗ್ಗೆ ಶರಣವ್ವನಿಗೆ ಅವಳ ಕಾಗದ ಬಂತು: "ಅಕ್ಕಾರ, ಗೆರಿ ದಾಟೀರಿ. ಈಗ ಕಳಿಸ್ರಿ."

ಶರಣವ್ವ ಕೈಮುಗಿದು ಕಳಿಸಿದಳು. ಈ ಸಲ ಒಂದೂ ಮರಳಲಿಲ್ಲ. ಗುಂಪಿನ ಕಾಗದಕ್ಕೆ ಮಗ್ಗುಲ ಮನೆ, ಮುನಿದ ಮನೆ ಎಂಬ ಭೇದವಿಲ್ಲ. ಮನುಷ್ಯರು ದಾಟದ ಗೋಡೆಯನ್ನೂ ದಾಟಿ ಅದು ಕೆಳಗಿನ ಓಣಿಗೂ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಗದಗಿನಿಂದ ಒಬ್ಬ ಶಾಲಾ ಶಿಕ್ಷಕಿ ಬಂದು ಕೊಟ್ಟು ಹೋದಳು. ಒಂದು ಚೀಲವಾಯಿತು. ಸೂರತ್ತಿನವರು ಹೊರಟಿದ್ದೇವೆ ಎಂದಿದ್ದರು, ಆದರೆ ಬರುವಷ್ಟರಲ್ಲಿ ಮಂಗಳವಾರ. ಡಾಕ್ಟರು ಗಡಿಯಾರ ನೋಡಿದರು, ಮಹಾನಂದಾಳ ನಾಡಿ ನೋಡಿ ಹೋದರು.

ಸೋಮವಾರ ಮಂಜು ಇರಲಿಲ್ಲ. ಹಿನ್ನೀರಿನಿಂದ ತೆಳ್ಳನೆ ಗಾಳಿ ಎದ್ದಿತ್ತು. ಶರಣವ್ವ ಬೀಗ ತೆಗೆಯಲು ಬಂದಾಗ ಬೇವಿನ ಮರದ ಕೆಳಗೆ ಒಬ್ಬ ಗಂಡಸು ನಿಂತಿದ್ದ. ಐವತ್ತರ ಆಸುಪಾಸು, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದ. ಸೊಲ್ಲಾಪುರದಲ್ಲಿ ಬಸ್ಸು ಓಡಿಸುವವನ ಖಾಕಿ ಅಂಗಿ ಇನ್ನೂ ಮೈಮೇಲಿತ್ತು.

"ಕಾಗದ ಬಂತ್ರಿ," ಎಂದ. "ಎಷ್ಟ ಬೇಕ ಅಷ್ಟ ತಗೋರಿ."

"ಅಷ್ಟೆಲ್ಲಾ ತಗೊಳ್ಳಾಕ ಬರೂದಿಲ್ಲ, ಒಂದ ಚೀಲ," ಎಂದು ಶರಣವ್ವ ನಕ್ಕು ಅವನನ್ನು ಒಳಗೆ ಮಲಗಿಸಿದಳು. ಪರೀಕ್ಷೆ ಕ್ಷಣದಲ್ಲಿ ಮುಗಿಯಿತು. ರಕ್ತ ಹೊಂದಿತು. ಹೆಸರು ಕೇಳಿದಾಗ ಅವನು ಗೋಡೆಯ ಕಡೆ ಮುಖ ಮಾಡಿ ಹೇಳಿದ. ಅವಳು ಬರೆದುಕೊಂಡಳು.

ಆ ಕೇಂದ್ರದಲ್ಲಿ ಒಂದು ರೂಢಿಯಿತ್ತು. ಕೊಟ್ಟವರು ತಮ್ಮ ಚೀಲವನ್ನು ತಾವೇ ಒಯ್ದು ಕಿಟಕಿಗೆ ಮುಟ್ಟಿಸಬೇಕು. ಕೊಟ್ಟದ್ದರ ಭಾರ ಕೈಗೆ ತಿಳಿಯಲಿ ಎಂದು ಹಿಂದಿನ ಡಾಕ್ಟರೊಬ್ಬರು ಮಾಡಿದ್ದು. ಅವನು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಪಡಸಾಲೆಗೆ ಬಂದ. ಅಲ್ಲಿ ಬೆಂಚಿನ ಮೇಲೆ, ಉಂಡಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲವ್ವ ಕೂತಿದ್ದಳು.

ಅವನು ನಿಂತ. ಕಲ್ಲವ್ವ ತಲೆಯೆತ್ತಿ ಅವನ ಮುಖ ನೋಡಿದಳು, ಎಳೆಯುವ ಕಾಲು ನೋಡಿದಳು, ಮೊಣಕೈಯಲ್ಲಿ ಅಂಟಿಸಿದ್ದ ಹತ್ತಿ ನೋಡಿದಳು. ಗುರುತು ಹತ್ತಿತು. ಡಬ್ಬಿಯನ್ನು ಪಕ್ಕಕ್ಕಿಟ್ಟು ಎದ್ದಳು.

ಕಿಟಕಿ ನಾಲ್ಕು ಹೆಜ್ಜೆ ಆಚೆಗಿತ್ತು. ಶರಣವ್ವ ಅಲ್ಲಿ ಕೈ ಚಾಚಿ ಕಾಯುತ್ತಿದ್ದಳು. ಶಿವಪುತ್ರ ಅಲ್ಲಿಗೆ ಹೋಗಲಿಲ್ಲ. ಬಾಗಿ, ಚೀಲವನ್ನು ಕಲ್ಲವ್ವನ ಅಂಗೈಗಳಲ್ಲಿ ಇಟ್ಟ.

"ನಿಮ್ಮ ಮನೀದು, ಎವ್ವಾ," ಎಂದ. "ನನ್ನ ಕಡೆ ಇತ್ತು."

ಚೀಲ ಬೆಚ್ಚಗಿತ್ತು. ಕಲ್ಲವ್ವ ಅದನ್ನು ಒಂದು ಉಸಿರಿನಷ್ಟು ಹೊತ್ತು ಎದೆಯ ಹತ್ತಿರ ಹಿಡಿದುಕೊಂಡು, ನಡೆದುಹೋಗಿ, ಕಿಟಕಿಯಲ್ಲಿ ಕೊಟ್ಟಳು. ತಿರುಗಿ ಬಂದು ಡಬ್ಬಿಯ ಮುಚ್ಚಳ ತೆಗೆದು, ಒಂದು ಉಂಡಿಯನ್ನು ಅವನ ಕೈಗಿಟ್ಟು, ತಿನ್ನು ಎಂಬಂತೆ ಪಕ್ಕದ ಜಾಗ ತೋರಿಸಿದಳು.